ಯಾರಿಗೆ ಜ್ವರ?

ನನ್ನ ಅಕ್ಷರ ದಪ್ಪ. ಒಂದು ಚೀಟಿಯಲ್ಲಿ ನಾಲ್ಕು ಮಾತು ಹಿಡಿದರೆ ಹೆಚ್ಚು, ಐದನೆಯದು ಅಂಚಿಗೆ ಹೋಗಿ ಜಾರಿಬೀಳುತ್ತದೆ. ಮಾಡದಕೆರೆ ಕಡೆ ಕುರಿ ಕಾಯ್ದು ತಲೆ ನರೆತ ಮೇಲೆ ಶಾಲೆಯ ಜಗಲಿಯಲ್ಲಿ ಕುಂತು ಕಲಿತದ್ದು ಇಷ್ಟೇ. ಇದನ್ನೇ ನಂಬಿಕೊಂಡು ನನ್ನ ಮಗಳು ರೇಣುಕ ದುರ್ಗದ ಅಂಗಡಿಯ ಫೋನನ್ನು ನನ್ನ ಮುಂದಿಟ್ಟು ಕೆಲಸಕ್ಕೆ ಹೋಗುತ್ತಾಳೆ. ಅವಳು ಎಸಿ ಕಂಟ್ರಾಕ್ಟರು. ಬೇಸಿಗೆಗೆ ತಂಪು, ಮಾಗಿಗೆ ಕಾವು, ಎರಡನ್ನೂ ಮಾಡಿಕೊಡುತ್ತಾಳೆ. ಲೈಸೆನ್ಸಿಗೆ ಗಾಜು ಹಾಕಿಸಿ ಗೋಡೆಗೆ ಹೊಡೆದಿದ್ದಾಳೆ. ಅದನ್ನು ಓದಿಯೂ ಜನ ಅವಳನ್ನೇ "ಮೇಸ್ತ್ರಿ ಎಲ್ಲಿ ಅಮ್ಮಾ?" ಅಂತ ಕೇಳುತ್ತಿದ್ದರು. "ಮೇಸ್ತ್ರಿ ಉಣ್ಣಾಕೆ ಹೋಗ್ಯಾನೆ, ಅವನು ಬರೋದ್ರಾಗೆ ನಾನೇ ಮುಗಿಸ್ತೀನಿ ನಡ್ರಿ" ಅಂತ ಏಣಿ ಹೆಗಲಿಗೇರಿಸುತ್ತಿದ್ದಳು.

ನೀವು ಎಸಿ ಕೋಣೆಯಲ್ಲಿ ಕುಂತು "ಆಹಾ, ತಂಪು ಬಂತು" ಅಂತೀರಿ. ತಂಪು ಅನ್ನೋದು ಎಲ್ಲಿಂದಲೂ ಬರೋದಿಲ್ಲವಂತೆ. "ಒಳಗಿನ ಕಾವನ್ನ ಹೊತ್ತು ಹೊರಗೆ ಹಾಕ್ತೀವಿ ಕಣವ್ವ, ಅಷ್ಟೇ. ಚಳಿಗಾಲದಾಗೆ ಹೊರಗಿನ ಕಾವು ಹೊತ್ತು ಒಳಗೆ ತರ್ತೀವಿ" ಅಂತ ಮಗಳು ಹೇಳಿದಾಗ ನನಗೆ ತಟ್ಟನೆ ತಿಳಿಯಿತು. ಕಂಬಳಿಯೂ ಬಿಸಿ ಮಾಡೋದಿಲ್ಲ, ನಿನ್ನ ಬಿಸಿಯನ್ನೇ ನಿನಗೆ ಉಳಿಸಿಕೊಡುತ್ತದೆ. ಲೋಕದಲ್ಲಿ ಕಾವು ಹುಟ್ಟಿಸುವವರು ಕಡಿಮೆ. ಇಲ್ಲಿಂದ ಅಲ್ಲಿಗೆ ಹೊರುವವರೇ ಎಲ್ಲಾ. ನಾನು ಹೊರುವುದು ಮಾತನ್ನು. ಫೋನಿನಿಂದ ಚೀಟಿಗೆ, ಚೀಟಿಯಿಂದ ಮಗಳಿಗೆ. ದಾರಿಯಲ್ಲಿ ಎಷ್ಟು ಚೆಲ್ಲುತ್ತೇನೋ ಅಂತ ಒಂದೇ ಸಮನೆ ಅಂಜಿಕೆ. ಫೋನು ಬಡಕೊಳ್ಳುವ ಮೊದಲೇ ನನ್ನ ಎದೆ ಬಡಕೊಳ್ಳುತ್ತದೆ.

ಹೋದ ಮಾಗಿಯಲ್ಲಿ ಒಂದು ಬೆಳಿಗ್ಗೆ ಹೀಗೇ ಬಡಕೊಂಡಿತು. ಮಗಳು ಹೊಳಲ್ಕೆರೆಯ ಒಂದು ಕಲ್ಯಾಣ ಮಂಟಪದ ಕೆಲಸಕ್ಕೆ ಹೋಗಿದ್ದಳು.

"ಅಮ್ಮಾ, ನಾನು ಹಿರಿಯೂರು ಕಡೆಯಿಂದ ಶಾರದಮ್ಮ. ನಿಮ್ಮ ಮಗಳು ಹಾಕಿಕೊಟ್ಟ ಮಷೀನು ಬಿಸಿ ಬಿಡ್ತಿಲ್ಲ, ತಣ್ಣಗೆ ಊದ್ತೈತೆ. ಇಲ್ಲಿ ನೋಡಿದ್ರೆ ಎಲ್ಲವೂ ಎರಡನೇ ಜ್ವರಕ್ಕೆ ಕುಂತವೆ."

"ಎಲ್ಲವೂನಾ?"

"ಹೂಂ ಕಣಮ್ಮ, ಒಟ್ಟಿಗೇ! ಒಂದೂ ಹಿಂದೆ ಬಿದ್ದಿಲ್ಲ."

ಮನೆತುಂಬ ಜ್ವರ ಮಲಗಿಸಿಕೊಂಡು ಈ ಹೆಂಗಸು ಹಿಗ್ಗುತ್ತಾಳಲ್ಲ ಅಂತ ನನಗೆ ಸಿಟ್ಟು ಬಂತು. ನಮ್ಮ ಕಡೆ ಮಕ್ಕಳಿಗೂ ಮರಿಗಳಿಗೂ ಒಂದೇ ಮಾತು: ಉಂಡವೆ, ಮಲಗವೆ, ಕುಂತವೆ. ಹಾಗಾಗಿ ನನ್ನ ಕಣ್ಣಿಗೆ ಬಂದದ್ದು ಅವಳ ಮಕ್ಕಳು, ಸಾಲಾಗಿ, ಕೆಮ್ಮುತ್ತಾ. ಆಮೇಲೆ ಆ ಕೆಮ್ಮಿನ ನಡುವೆ ನನ್ನ ಮಗಳು. ಅಂಟು ಜ್ವರ ಎಂಥದ್ದು ಅಂತ ಇಡೀ ದೇಶವೇ ನೋಡಿದ್ದಾಗಿದೆ.

"ಜ್ವರ ಇರೋವಾಗ ಅವಳು ಬರೋದು ಬ್ಯಾಡ. ಇಳಿದ ಮ್ಯಾಲೆ ಬರ್ತಾಳೆ" ಅಂದೆ.

"ಅದೂ ಸರಿನೇ. ಜ್ವರದಾಗೆ ಅಲ್ಲಾಡಿಸಬಾರದು, ಅಲ್ವಾ? ನೀವು ತಿಳಿದೋರು."

"ಮುಟ್ಟಲೇಬ್ಯಾಡ. ಒಂದು ಕಂಬಳಿ ಹಾಕಿ ಬೆಚ್ಚಗಿಡು."

"ಆಗ್ಲಮ್ಮ" ಅಂತ ಇಟ್ಟಳು. ತಿಳಿದೋಳು ಅನ್ನಿಸಿಕೊಂಡ ಹುರುಪಿನಲ್ಲಿ ಚೀಟಿ ಬರೆದೆ: ಹಿರಿಯೂರು ಶಾರದಮ್ಮ. ಜ್ವರ.

ಮಧ್ಯಾಹ್ನ ಮಗಳು ಬಂದು, ಚೀಟಿ ಹಿಡಿದು, ನಿಂತಲ್ಲೇ ನಿಂತಳು.

"ಯಾರಿಗವ್ವ ಜ್ವರ?"

"ಅವಳ ಮಕ್ಕಳಿಗೆ."

"ಅವಳಿಗಿರೋದು ಒಬ್ಬ ಮಗ, ಮಿಲಿಟ್ರಿಯಾಗವ್ನೆ. ಬಿಸಿ ಬರ್ತಿಲ್ಲ ಅಂದ್ಲಾ?"

"ಅಂದ್ಲು. ಎರಡನೇ ಜ್ವರಕ್ಕೆ ಕುಂತವೆ ಅಂದ್ಲು."

"ಅಯ್ಯೋ ಅವ್ವಾ! ಹುಳ ಕಣೇ, ರೇಷ್ಮೆ ಹುಳ!"

ಉಣ್ಣದೆ ವ್ಯಾನು ತೆಗೆದಳು. ನಾನೂ ಹತ್ತಿ ಕುಂತೆ. ಬ್ಯಾಡ ಅನ್ನಲು ಅವಳಿಗೆ ವ್ಯವಧಾನ ಇರಲಿಲ್ಲ. ಐಮಂಗಲ ದಾಟುವಷ್ಟರಲ್ಲಿ, ಬರೋದು ಬ್ಯಾಡ ಅಂದದ್ದನ್ನೂ ಕಂಬಳಿ ಮಾತನ್ನೂ ಅವಳ ಮುಂದೆ ಒಪ್ಪಿಸಿದೆ. ಆಮೇಲೆ ಅವಳು ರಸ್ತೆ ನೋಡುತ್ತಲೇ ಹೇಳಿದಳು. ಶಾರದಮ್ಮನದು ಚಾಕಿ ಕೇಂದ್ರ: ಮೊಟ್ಟೆಯೊಡೆದ ಹುಳುಗಳನ್ನು ಎಳೆಗೂಸಿನ ಹಾಗೆ ಸಾಕಿ, ಎರಡನೇ ಜ್ವರ ಕಳೆದ ಮೇಲೆ ರೈತರಿಗೆ ಕೊಡುವ ಜಾಗ. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ಬಿಟ್ಟು, ತಲೆ ಎತ್ತಿಕೊಂಡು, ಒಂದು ಹಗಲು ಒಂದು ರಾತ್ರಿ ಅಲ್ಲಾಡದೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುತ್ತಾರೆ. ಆಗ ಚಳಿ ಹೊಡೆದರೆ ಕೆಲವು ಏಳುತ್ತವೆ, ಕೆಲವು ಏಳುವುದೇ ಇಲ್ಲ. ಮಗಳ ಲೈಸೆನ್ಸು ನಂಬಿ ಹುಳದ ಮನೆಯ ಕೆಲಸ ಕೊಟ್ಟ ಮೊದಲನೆಯವಳು ಈ ಶಾರದಮ್ಮ. ಇಷ್ಟು ಹೇಳಿ ವ್ಯಾನಿನ ವೇಗ ಏರಿಸಿದಳು. ಬೈದಿದ್ದರೆ ಚೆನ್ನಾಗಿತ್ತು.

ಗುಡ್ಡದ ಮೇಲೆ ಗಾಳಿಗಿರಣಿಗಳು ತಿರುಗುತ್ತಿದ್ದವು. ಅಷ್ಟು ಗಾಳಿ ಇದ್ದರೂ ನನಗೆ ಬೆವರು. ಜ್ವರ ಅನ್ನುವ ಮಾತನ್ನೇ ನೋಡಿ: ನಮ್ಮಲ್ಲಿ ಅದು ಮೈ ಸುಡುವುದು, ಅವರಲ್ಲಿ ಮೈ ಬದಲಿಸುವುದು. ಎರಡು ತಾಲೂಕಿನ ನಡುವೆ ಒಂದು ಮಾತು ಇಷ್ಟು ತಿರುಗಬಹುದಾದರೆ, ಇಷ್ಟು ದಿನ ನಾನು ಬರೆದ ಚೀಟಿಗಳಲ್ಲಿ ಇನ್ನೇನೇನು ತಿರುಗಿಹೋಗಿದೆಯೋ ಅಂತ ಒಂದೊಂದನ್ನೇ ನೆನೆದೆ.

ಹುಳದ ಮನೆಗೆ ಸುಮ್ಮನೆ ನುಗ್ಗುವಂತಿಲ್ಲ. ಮಗಳು ಕೈ ತೊಳೆದು, ಕಾಲು ಸುಣ್ಣದ ಪುಡಿಯಲ್ಲಿ ಅದ್ದಿ ಒಳಗೆ ಹೋದಳು. ನನ್ನನ್ನು ಹೊರಗೆ ಬೇವಿನ ಕೆಳಗೆ ಕೂರಿಸಿದರು. ಬಾಗಿಲಿಗೆ ಕರೀ ಕಂಬಳಿ ಇಳಿಬಿಟ್ಟಿದ್ದರು. ನಾನು ಫೋನಿನಲ್ಲಿ ಹೇಳಿದ ಕಂಬಳಿ. ನೋಡಿ ತಲೆ ತಗ್ಗಿಸಿದೆ.

ಶಾರದಮ್ಮ ಚಾ ತಂದುಕೊಟ್ಟಳು. ನನಗಿಂತ ಚಿಕ್ಕವಳು, ಕಣ್ಣು ನಿದ್ದೆಗೆಟ್ಟು ಕೆಂಪಾಗಿದ್ದವು. "ನೀವು ಹೇಳ್ದಂಗೇ ಮಾಡಿದೀನಮ್ಮ. ಕಂಬಳಿ ಕಟ್ಟಿ, ಹುಳದ ಒಂದು ಟ್ರೇನೂ ಮುಟ್ಟಿಲ್ಲ. ಮಷೀನು ಮಾತ್ರ ನಾನೇ ಆರಿಸಿದೆ" ಅಂದಳು. ನಾನು ಚಾ ಕುಡಿದೆ.

ಮಗಳು ಹೊತ್ತು ಇಳಿಯುವ ಹೊತ್ತಿಗೆ ಹೊರಗೆ ಬಂದಳು. ಕಾವಿನ ದಿಕ್ಕು ತಿರುಗಿಸುವ ವಾಲ್ವು ಸಿಕ್ಕಿಕೊಂಡಿತ್ತಂತೆ. ಹೊರಗಿನ ಕಾವು ಒಳಗೆ ತರುವ ಬದಲು ಒಳಗಿದ್ದ ಕಾವನ್ನೇ ಹೊತ್ತು ಹೊರಗೆ ಹಾಕಿತ್ತಂತೆ. "ಈಗ ಬಿಸಿ ಹಿಡಿದೈತೆ. ಹುಳ ಏಳೋದು ನಾಳೆ ಬೆಳಿಗ್ಗೆ. ಫೋನು ಮಾಡ್ರಿ ಅಕ್ಕ" ಅಂದಳು. ವ್ಯಾನಿನಲ್ಲಿ ನನಗೆ ಒಂದೇ ಮಾತು: "ಅವಳಿಗೆ ಹೇಳಿದ್ಯಾ?"

"ಇಲ್ಲ."

"ನಾನು ಹೇಳಲ್ಲ. ಹೇಳಬೇಕಾದೋಳು ನೀನು."

ಬೆಳಿಗ್ಗೆ ಅಂಗಡಿ ತೆಗೆದು ಫೋನಿನ ಮುಂದೆ ಕುಂತೆ. ಮಗಳು ಸಾಮಾನು ಜೋಡಿಸುವ ನೆಪದಲ್ಲಿ ಇದ್ದ ಸ್ಪ್ಯಾನರನ್ನೇ ಎತ್ತಿಡುತ್ತಾ ಅಲ್ಲೇ ಸುಳಿದಾಡುತ್ತಿದ್ದಳು. ಕೊನೆಗೆ ಬಡಕೊಂಡಿತು.

"ಎದ್ದವು ಕಣಮ್ಮ! ಸೊಪ್ಪು ಹಾಕಿದ್ರೆ ಚರಚರ ಅಂತ ತಿಂತಾ ಅವೆ. ಬಾಗಿಲ ಕಡೆ ಎರಡು ಟ್ರೇ ಏಳಲಿಲ್ಲ. ಬಿಡ್ರಿ, ಕಂಬಳಿ ಸರಿಯಾಗಿ ಇಳಿಬಿಡಲಿಲ್ಲ ನಾನು. ನನ್ನದೇ ತಪ್ಪು."

ಅಲ್ಲಿಗೇ ಬಿಟ್ಟಿದ್ದರೆ ಮುಗಿದಿತ್ತು. ಅವಳೇ ತಪ್ಪನ್ನು ಹೊತ್ತುಕೊಂಡಿದ್ದಳು, ನಾನು ತಿಳಿದೋಳಾಗಿಯೇ ಉಳಿಯುತ್ತಿದ್ದೆ. ಆದರೆ ನನ್ನ ಭಾರ ಅವಳ ತಲೆ ಮೇಲೆ ಕುಂತಿರುವುದನ್ನು ಕಂಡೂ ಸುಮ್ಮನಿರುವಷ್ಟು ಇನ್ನೂ ಕೆಟ್ಟಿಲ್ಲ ನಾನು.

"ನಿನ್ನ ತಪ್ಪಲ್ಲ ಶಾರದಮ್ಮ. ನನಗೆ ಹುಳ ಗೊತ್ತಿಲ್ಲ. ಜ್ವರ ಅಂದ್ರೆ ನಿನ್ನ ಮಕ್ಕಳಿಗೆ ಅಂದ್ಕಂಡೆ. ನನ್ನ ಮಗಳಿಗೆ ಅಂಟುತ್ತೆ ಅಂತ ಬರಬ್ಯಾಡ ಅಂದೆ. ಆ ಎರಡು ಟ್ರೇ ನನ್ನ ಮೇಲೆ ಹಾಕು."

ಆಕಡೆ ಟ್ರೇ ಕೆಳಗಿಟ್ಟ ಸದ್ದು ಬಂತು.

"ಹಂಗಾದ್ರೆ ಕಂಬಳಿ ಹಾಕು ಅಂದಿದ್ದು?"

"ಮಕ್ಕಳ ಮ್ಯಾಲೆ."

"ಥೂ, ನಿಮ್ಮ! ಮುಂದಿನ ಬೆಳೆಗೆ ಬರ್ರಿ ಇಲ್ಲಿಗೆ. ಜ್ವರ ಅಂದ್ರೆ ಏನು ಅಂತ ಕಣ್ಣಿಗೆ ಹಿಡಿದು ತೋರಿಸ್ತೀನಿ. ಆಮ್ಯಾಲೆ ಬೈತೀನಿ."

"ಬರ್ತೀನಿ. ಬೈಯೋದು ಮಾತ್ರ ಈಗ್ಲೇ ಬೈ, ಅಲ್ಲಿತನಕ ಕಾಯಕ್ಕೆ ನನ್ನ ಕೈಲಾಗಲ್ಲ."

ಬೈದಳು. ಮಗಳು ಸ್ಪ್ಯಾನರು ಕೆಳಗಿಟ್ಟು ನನ್ನ ಪಕ್ಕ ಬಂದು ಕುಂತಳು, ನಾನು ಫೋನನ್ನು ಕಿವಿಯಿಂದ ಸರಿಸದೆ ಪೂರ್ತಿ ಕೇಳಿದೆ.