ಶರಣಮ್ಮ ಕೌದಿ ಕಲಿತದ್ದು

ಹಳ್ಳಿಯ ಹೆಂಗಸರು ಶಾಲೆಯ ಹೊರಗೆ ವಿದ್ಯೆ ಕಲಿಯುವ ಬಗೆಯ ಮೇಲೆ ನನ್ನ ಪಿಎಚ್‌ಡಿ. ಅದಕ್ಕಾಗಿ ಕರಜಗಿಯಲ್ಲಿ ಹಳೆ ಬಟ್ಟೆಯ ತುಂಡು ಸೇರಿಸಿ ಕೌದಿ ಹೊಲಿಯುವ ಶರಣಮ್ಮನವರ ಮುಂದೆ ಕೂತು ರೆಕಾರ್ಡರ್ ಒತ್ತಿದೆ.

"ಇದನ್ನ ನಿಮಗ ಯಾರು ಕಲಿಸಿದ್ರು?"

"ನಮ್ಮ ಆಯಿ, ತೊಡಿ ಮ್ಯಾಲ ಕುಂದರಿಸ್ಕೊಂಡು ಕಲಿಸಿದ್ಳ್ರಿ," ಎಂದರು, ಪಾಠ ಒಪ್ಪಿಸಿದ ಹಾಗೆ. ನನ್ನ ಅಧ್ಯಾಯಕ್ಕೆ ಶೀರ್ಷಿಕೆಯೇ ಸಿಕ್ಕಿತೆಂದು ಹಿಗ್ಗಿದೆ.

ಅಷ್ಟರಲ್ಲಿ ಆ ಆಯಿ, ಅಂದರೆ ಅವರ ಅಜ್ಜಿ, ಒಳಗಿಂದ ಕೂಗಿದರು: "ಸುಳ್ಳ್ಯಾಕ ಹೇಳ್ತೀಬೇ? ನಿನಗ ನಾ ಸೂಜಿ ಮುಟ್ಟಾಕ ಬಿಟ್ಟಿದ್ದಿಲ್ಲ!"

ಶರಣಮ್ಮ ನಕ್ಕುಬಿಟ್ಟರು. "ಹೌದ್ರಿ. ಬಟ್ಟಿ ಹಾಳ್ ಮಾಡ್ತೀ ಅಂತ ಬೈತಿದ್ಳು. ಹಟಕ್ಕ ಬಿದ್ದು ಮೊಬೈಲ್‌ನಾಗ ನೋಡಿ ಕಲ್ತೇನಿ. ಈಗ ಹೊಸ ನಮೂನಿ ಆಕಿಗೇ ಕಲಿಸಾಕತ್ತೇನಿ."

"ಮತ್ತ ಮೊದಲ ಹಂಗ್ಯಾಕ ಹೇಳಿದ್ರಿ?"

"ಹಿಂದ ಹಿಂಗ ಕೇಳಾಕ ಬಂದಿದ್ದ ಮೇಡಂಗ ಮೊಬೈಲ್ ಅಂದಿದ್ದೆ. ಪಾಪ, ಮಾರಿ ಸಣ್ಣ ಮಾಡ್ಕೊಂಡ್ರು. ನೀವೂ ಅಷ್ಟು ದೂರದಿಂದ ಬಂದೀರಿ."

ಸಂಜೆಯವರೆಗೆ ಅಲ್ಲೇ ಕೂತೆ. ಮೊಮ್ಮಗಳು ತೋರಿಸಿದಂತೆ ಅಜ್ಜಿ ಗೊಣಗುತ್ತಲೇ ಸೂಜಿ ಹಾಕುತ್ತಿದ್ದರು. ಕಂಡದ್ದನ್ನು ಕಂಡಂತೆಯೇ ಬರೆದುಕೊಟ್ಟೆ.

ನನ್ನ ಗೈಡ್ ಓದಿ ಮೆಚ್ಚಿಕೊಂಡರು. "ಆದರೆ ದೇಸಿತನ ಸ್ವಲ್ಪ ಕಡಿಮೆಯಾಯಿತು," ಎಂದರು. "ಬೇರೆ ಅಜ್ಜಿ ಯಾರಾದರೂ ಸಿಗುತ್ತಾರಾ ನೋಡಿ."

ಸದ್ಯ ಯಡ್ರಾಮಿ ಕಡೆ ಹುಡುಕುತ್ತಿದ್ದೇನೆ.