ಕೆಸರೆಯ ಮನೆಯಲ್ಲಿ ಕೇಳಿದ ಆಮೆನ್

ಇದನ್ನ ನಾನು ಕಟ್ಟಿ ಹೇಳ್ತಿಲ್ಲ ಕಣ್ರೀ. ಸುಳ್ಳು ಹೇಳೋದಾಗಿದ್ರೆ ನನ್ನನ್ನೇ ದೊಡ್ಡವಳನ್ನಾಗಿ ಮಾಡ್ಕೊಂಡು ಹೇಳ್ತಿದ್ದೆ. ಇದು ನನ್ನ ಮಾನ ಹೋಗೋ ಸಂಗತಿ.

ಸ್ವಾತಂತ್ರ್ಯ ಬಂದು ಹತ್ತು ಹನ್ನೆರಡು ವರ್ಷ ಆಗಿತ್ತು. ನಾನಾಗ ಒಂಟಿಕೊಪ್ಪಲಿನಲ್ಲಿದ್ದೆ, ಮಿಷನ್ ಸ್ಕೂಲಿನಲ್ಲಿ ಟೀಚರ್. ನಮ್ಮ ಚರ್ಚಿನ ಸಭೆಯಲ್ಲಿ ಯಾರಿಗೆ ಕಾಯಿಲೆ ಆದ್ರೂ ಪ್ರಾರ್ಥನೆಗೆ ನಾನೇ ಬೇಕು. ಜ್ವರಕ್ಕೊಂದು, ಹೆರಿಗೆಗೊಂದು, ಸಾವಿನ ಮನೆಗೊಂದು ಅಂತ ಮೊದಲೇ ಬರೆದು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ. ನಾನು ಹೇಳ್ತಿದ್ರೆ ಜನ ಅಳೋರು. ಆ ಅಳು ಕೇಳೋಕೆ ನನಗೆ ಹಿತವಾಗಿರೋದು, ಸುಳ್ಳ್ಯಾಕೆ ಹೇಳ್ಲಿ.

ಒಂದು ಸಂಜೆ ಕೆಸರೆಯಿಂದ ಸುಗುಣ ಹೇಳಿಕಳಿಸಿದ್ಲು. ನಮ್ಮ ಸಭೆಯವಳೇ. ಗಂಡ ಲಾರಿ ಡ್ರೈವರ್, ಊರಲ್ಲಿರಲಿಲ್ಲ. ನಾಲ್ಕು ವರ್ಷದ ಮಗಳು ಸಾರಾಗೆ ಗಂಟಲುಮಾರಿ ಬಂದು ಉಸಿರು ಕಟ್ತಿತ್ತು. ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು, "ಬೆಳಗಿನತನಕ ತಡ್ಕೊಂಡ್ರೆ ಉಳೀತಾಳೆ" ಅಂದು ಹೋಗಿದ್ರಂತೆ.

ಜಟಕಾ ಇಳಿದು ಒಳಗೆ ಹೋಗಿ ಮಗುವಿನ ಪಕ್ಕ ಕೂತೆ. ಸೀಮೆಎಣ್ಣೆ ಹೊಗೆ, ನೀಲಗಿರಿ ಎಣ್ಣೆ ಘಾಟು... ಮಗು ಸುಯ್... ಸುಯ್... ಅಂತ ಉಸಿರು ಎಳೀತಿತ್ತು. ಸುಗುಣ ಸೆರಗನ್ನ ತಲೆ ಮೇಲೆ ಹೊದ್ದು ನನ್ನ ಬೆನ್ನ ಹಿಂದೆ ಮಂಡಿಯೂರಿದಳು.

"ನೀವು ಬಂದ್ಬುಟ್ರಲ್ಲ ಟೀಚರಮ್ಮ, ಇನ್ನು ನಂಗೆ ಹೆದರಿಕೆ ಇಲ್ಲ," ಅಂದ್ಲು ಮೆಲ್ಲಗೆ.

ಕಣ್ಣು ಮುಚ್ಚಿದೆ. ಬಾಯಿ ತೆರೆದೆ...

ದನಿ ಇಲ್ಲ.

ಕೆಮ್ಮಿ ನೋಡಿದೆ, ಕೆಮ್ಮೂ ಬರಲಿಲ್ಲ. ಬಾಯಿಪಾಠ ಮಾಡಿದ್ದು ಒಂದಕ್ಷರವೂ ನೆನಪಾಗಲಿಲ್ಲ. ಮಕ್ಕಳಿಗೆ ದಿನಾ ಹೇಳಿಕೊಡೋ ಕರ್ತನ ಪ್ರಾರ್ಥನೆ ಕೂಡ ಮರೆತುಹೋಗಿತ್ತು. ಸುಗುಣಂಗೆ ಸನ್ನೆ ಮಾಡಿಯಾದ್ರೂ ತಿಳಿಸಬಹುದಿತ್ತು. ತಿಳಿಸಲಿಲ್ಲ, ಮರ್ಯಾದೆ ಅಡ್ಡ ಬಂತು. ಪ್ರಾರ್ಥನೆ ಮಾಡ್ತಿರೋಳ ಹಾಗೆ ಸುಮ್ಮನೆ ತುಟಿ ಆಡಿಸ್ತಾ ಕೂತೆ.

ಎಷ್ಟು ಹೊತ್ತಾಯ್ತೋ... ಹಿಂದಿನಿಂದ ಸುಗುಣ, "ಆಮೆನ್" ಅಂದ್ಲು.

ಯಾತಕ್ಕೆ ಆಮೆನ್? ನಾನು ಏನೂ ಹೇಳಿಲ್ವಲ್ಲ...

ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಹೌದು ತಂದೆ... ಆಮೆನ್." ಕಿವಿಗೊಟ್ಟು ಕೇಳಿದೆ. ಮಗುವಿನ ಉಸಿರು ಬಿಟ್ರೆ ಬೇರೆ ಸದ್ದಿಲ್ಲ. ತಿರುಗಿ ನೋಡೋ ಧೈರ್ಯ ಬರಲಿಲ್ಲ. ರಾತ್ರಿಯೆಲ್ಲ ಹೀಗೇ... ನನಗೆ ಕೇಳಿಸದ ಯಾವುದೋ ಮಾತಿಗೆ ಅವಳು ಓಗೊಡ್ತಾ ಇದ್ಲು. ಅಳು ಬರೋಷ್ಟು ಹೆದರಿಕೆ, ಆದ್ರೆ ಅಳೋಕೂ ಆಗ್ತಿಲ್ಲ.

ಕೋಳಿ ಕೂಗೋ ಹೊತ್ತಿಗೆ ಮಗುವೂ ಒಣಗಿದ ತುಟಿಯಲ್ಲಿ ಆಮೆನ್ ಅಂತು. ಆಮೇಲೆ ನೀರು ಕೇಳ್ತು.

ಸುಗುಣ ಮಗಳಿಗೆ ನೀರು ಕುಡಿಸಿ ನನ್ನ ಕೈ ಹಿಡ್ಕೊಂಡಳು. "ನಿಮ್ಮ ಪ್ರಾರ್ಥನೆ ಎಷ್ಟೋ ಸಲ ಕೇಳಿದೀನಿ ಟೀಚರಮ್ಮ. ದೊಡ್ಡ ದೊಡ್ಡ ಮಾತು, ನಂಗೆ ಅರ್ಥ ಆಗ್ತಿರಲಿಲ್ಲ. ರಾತ್ರಿ ಮಾತ್ರ ಅತ್ಬುಟ್ರಿ ಕಣಮ್ಮ. 'ನನ್ನ ಕೈಲಿ ಆಗಲ್ಲ, ನೀನೇ ನೋಡ್ಕೋ ತಂದೆ' ಅಂತ ಅದೊಂದೇ ಮಾತು, ಬೆಳಗಿನತನಕ..."

ನಾನು ಅತ್ತಿರಲಿಲ್ಲ. ಆ ಮಾತು ನನ್ನ ಮನಸ್ಸಿಗೂ ಬಂದಿರಲಿಲ್ಲ. "ಅದು ನಾನಲ್ಲ ಕಣೆ" ಅನ್ನಬೇಕಿತ್ತು. ಅಷ್ಟೊತ್ತಿಗೆ ದನಿಯೂ ಬಂದಿತ್ತು. ಅನ್ನಲಿಲ್ಲ. ಭಾನುವಾರ ಸಭೆಯಲ್ಲಿ ಎಲ್ಲರೂ ಹೊಗಳಿದ್ರು. ತಲೆ ತಗ್ಗಿಸಿ ಕೇಳಿಸ್ಕೊಂಡೆ.

ಈಗ ಎಪ್ಪತ್ತು ದಾಟಿದೆ. ಆ ರಾತ್ರಿ ನೆನೆಸ್ಕೊಂಡ್ರೆ ಇವತ್ತಿಗೂ ನಿದ್ದೆ ಬರಲ್ಲ. ನಾನು ಹೆದರೋದು ಸುಗುಣಂಗೆ ಕೇಳಿಸಿದ ಆ ದನಿಗಲ್ಲ... ನಾನು ಬರೀ ತುಟಿ ಆಡಿಸ್ತಿದ್ದದ್ದನ್ನ ಯಾರೋ ಪಕ್ಕದಲ್ಲೇ ಇದ್ದು ನೋಡ್ತಿದ್ರಲ್ಲ. ನೋಡಿಯೂ ನನ್ನ ಪರವಾಗಿ ಬೇಡ್ಕೊಂಡ್ರಲ್ಲ... ಅದಕ್ಕೆ.