ಮೂರು ಲಕ್ಷ ಓಡಿದ ಕಾರಿಗೆ ಹೊಸ ಬ್ಯಾಟರಿ

ಹರಿಹರಪುರ ದಾಟಿ ಶೃಂಗೇರಿ ಕಡೆ ಹೋಗುತ್ತಿದ್ದಾಗ ಕಾರಿನಲ್ಲಿ ಕೆಂಪು ತ್ರಿಕೋನದ ದೀಪ ಹೊತ್ತಿಕೊಂಡಿತು. ಹಿಂದಿನ ಸೀಟಿನ ಪಕ್ಕದ ಫ್ಯಾನು ಬುಸುಗುಟ್ಟತೊಡಗಿತು. ಏರಿನಲ್ಲಿ ಎಷ್ಟು ಒತ್ತಿದರೂ ಗಾಡಿ ಎಳೆಯಲಿಲ್ಲ. ಹೇಗೋ ತೆವಳಿಸಿಕೊಂಡು ಕೊಪ್ಪಕ್ಕೆ ವಾಪಸು ತಂದೆ.

ನಾನು ದನದ ಡಾಕ್ಟರು. ಸರ್ಕಾರಿ ಕೆಲಸದಿಂದ ನಿವೃತ್ತಳಾಗಿ ನಾಲ್ಕು ವರ್ಷವಾದರೂ ಕರೆದವರ ಕೊಟ್ಟಿಗೆಗೆ ಹೋಗುವುದನ್ನು ಬಿಟ್ಟಿಲ್ಲ. ಪೆಟ್ರೋಲ್ ಎಂಜಿನ್ನೂ ಕರೆಂಟಿನ ಮೋಟರೂ ಎರಡೂ ಇರುವ ಈ ಹೈಬ್ರಿಡ್ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡು, ಶೃಂಗೇರಿ, ನರಸಿಂಹರಾಜಪುರ ಎಂದು ಸುತ್ತಿ ಸುತ್ತಿ ಮೂರು ಲಕ್ಷ ಕಿಲೋಮೀಟರ್ ದಾಟಿಸಿದ್ದೆ. ಕಾಯಿಲೆಯ ಕರುಗಳೂ ಅದರ ಹಿಂದಿನ ಸೀಟಿನಲ್ಲಿ ಕೂತು ಬಂದಿವೆ.

ಕೊಪ್ಪದ ಮೆಕ್ಯಾನಿಕ್ ಮೀಟರ್ ಹಚ್ಚಿ ನೋಡಿದ.

"ಮೋಟರ್ ಓಡಿಸೋ ದೊಡ್ಡ ಬ್ಯಾಟರಿ ಮುಗೀತು ಮೇಡಂ. ಇದು ಪೂರ್ತಿ ಹೋದ್ರೆ ಎಂಜಿನ್ನೂ ಸ್ಟಾರ್ಟ್ ಆಗಲ್ಲ."

"ಹೊಸದು ಹಾಕಬಹುದಲ್ಲ?"

"ಹಾಕಬಹುದು. ಆದ್ರೆ ಬ್ಯಾಟರಿಗೆ ಕೊಡೋ ದುಡ್ಡು ಕಾರು ಮಾರಿದ್ರೂ ಬರಲ್ಲ. ಬಂದಷ್ಟಕ್ಕೆ ಮಾರ್ಬಿಡಿ."

ಸುದ್ದಿ ತಿಳಿದು ನನ್ನ ತಮ್ಮ ಬಂದ. ಕೊಪ್ಪದಲ್ಲಿ ಅವನದು ಹಾರ್ಡ್‌ವೇರ್ ಅಂಗಡಿ. "ಒಳ್ಳೇದೇ ಆಯ್ತು ಮಾರಾಯ್ತಿ," ಅಂದ. "ಅರವತ್ನಾಲ್ಕು ಆಯ್ತಲ್ಲ ಅಕ್ಕ, ಇನ್ನೆಷ್ಟು ವರ್ಷ ದನದ ಹಿಂದೆ ಓಡ್ತೀಯ? ಕಾರಿಗೂ ಸಾಕಾಗಿದೆ, ನಿಂಗೂ ಸಾಕು." ಕೊಳ್ಳುವವನನ್ನೂ ಅವನೇ ಗೊತ್ತುಮಾಡಿದ್ದ. ಸಿಟ್ಟು ಬಂತು. ಆದರೆ ಆ ದಿನ ಮೊಣಕಾಲೂ ನೋಯುತ್ತಿತ್ತು. ಹೂಂ ಅಂದುಬಿಟ್ಟೆ.

ಮೂರನೆಯ ದಿನ ಬೆಳಿಗ್ಗೆ ಕೆರೆಕಟ್ಟೆಯಿಂದ ಫೋನು ಬಂತು. ಎರಡು ದನ ಸಾಕಿಕೊಂಡಿದ್ದ ಹೆಂಗಸು. ಚೊಚ್ಚಲ ಕರು ಹಾಕಲು ಹಸು ನಸುಕಿನಿಂದ ತಿಣುಕುತ್ತಿದೆ, ಕರುವಿನ ಒಂದೇ ಕಾಲು ಹೊರಗೆ ಬಂದಿದೆ ಎಂದಳು. ಬಸ್ಸಿನಲ್ಲಿ ಶೃಂಗೇರಿಗೆ ಹೋದೆ. ಮುಂದಕ್ಕೆ ಬಸ್ಸಿರಲಿಲ್ಲ. ಬಾಡಿಗೆ ಜೀಪು ಹುಡುಕಿ ಅಲ್ಲಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಒಳಗೆ ಮಡಚಿಕೊಂಡಿದ್ದ ಇನ್ನೊಂದು ಕಾಲನ್ನು ನೆಟ್ಟಗೆ ಮಾಡಿ ಕರುವನ್ನು ಎಳೆದೆ. ಉಸಿರಿರಲಿಲ್ಲ. ಹಸು ಮಾತ್ರ ಉಳಿಯಿತು.

ಆ ಹೆಂಗಸು ನನ್ನ ಕೈಗೆ ಬಿಸಿನೀರು ಹೊಯ್ಯುತ್ತಾ, "ನಿಮ್ಮ ಕಾರು ಎಲ್ಲಿ ಡಾಕ್ಟ್ರಮ್ಮ?" ಎಂದು ಕೇಳಿದಳು.

"ಹಾಳಾಗಿದೆ."

"ಮತ್ತೆ ರಿಪೇರಿ ಮಾಡ್ಸದಲ್ವ?"

ಅವಳ ಮಾತಿನಲ್ಲಿ ದೂರು ಇರಲಿಲ್ಲ. ಅದಕ್ಕೇ ಮೈ ಉರಿಯಿತು. ಹೂಂ ಅಂದಿದ್ದ ನನ್ನ ಮೇಲೆ ನನಗೇ ಸಿಟ್ಟು.

ಮರುದಿನ ಕೊಳ್ಳುವವನು ಮನೆಗೆ ಬಂದು ಕಾರಿನ ಟೈರು ಒದ್ದು, ತುಟಿ ಸೊಟ್ಟಗೆ ಮಾಡಿದ. "ಮಾರೋದಿಲ್ಲ," ಎಂದೆ. ತಮ್ಮ ಅಕ್ಕಪಕ್ಕದವರೆದುರು, "ಇವ್ಳಿಗೆ ತಲೆ ಕೆಟ್ಟಿದೆ!" ಎಂದು ಕೂಗಾಡಿದ. ನಾನು ಕೀಲಿ ತೆಗೆದುಕೊಂಡು ಗ್ಯಾರೇಜಿಗೆ ಹೊರಟೆ.

ಮೊದಲು ಎಂಜಿನ್ನು, ಅಡಿಭಾಗದ ತುಕ್ಕು ಎಲ್ಲ ನೋಡಲು ಮೆಕ್ಯಾನಿಕ್‌ಗೆ ಹೇಳಿದೆ. ಎಲ್ಲವೂ ಗಟ್ಟಿಯಾಗಿತ್ತು. ಅವನು ಇನ್ನೊಂದು ದಾರಿ ತೋರಿಸಿದ.

"ಬ್ಯಾಟರಿ ಒಳಗೆ ಕೆಟ್ಟಿರೋ ಸೆಲ್ಲು ಎರಡನ್ನೇ ಬದಲಾಯಿಸ್ತೀನಿ. ಕಡಿಮೇಲಿ ಆಗುತ್ತೆ."

"ಎಷ್ಟು ದಿನ ಓಡುತ್ತೆ?"

"ಹೇಳಕ್ಕಾಗಲ್ಲ. ಉಳಿದವೂ ಹಳೇವೇ ಅಲ್ವ?"

"ಕಾಡಿನ ದಾರೀಲಿ ನಿಂತುಬಿಡೋ ಕಾರು ನಂಗೆ ಬೇಡ. ಹೊಸದನ್ನೇ ಹಾಕು."

"ಇನ್ನೊಂದ್ಸಲ ಯೋಚ್ನೆ ಮಾಡಿ ಮೇಡಂ. ನಾಳೆ ಮಾರಿದ್ರೆ..."

"ಮಾರೋರು ಬೆಲೆ ನೋಡ್ಲಿ. ನಾನು ಓಡಿಸೋಳು."

ಹಳೆಯ ಬ್ಯಾಟರಿ ಹೊರತೆಗೆದಾಗ ಅದನ್ನು ತಂಪು ಮಾಡುವ ಫ್ಯಾನಿನ ದಾರಿಯಲ್ಲಿ ಕರುಗಳ ರೋಮ ಹತ್ತಿಯಂತೆ ಮೆತ್ತಿಕೊಂಡಿತ್ತು. "ಗಾಳೀನೇ ಹೋಗಿಲ್ಲ ಇದಕ್ಕೆ," ಎಂದು ಅವನು ನಕ್ಕ. ತಪ್ಪು ನನ್ನದೇ. ಕರುಗಳನ್ನು ಹತ್ತಿಸುವುದನ್ನು ಮಾತ್ರ ಬಿಡುವವಳಲ್ಲ. ಆ ಕಿಂಡಿಗೆ ಸಣ್ಣ ಬಲೆ ಹಾಕಿಸಿದೆ, ತಿಂಗಳಿಗೊಮ್ಮೆ ಬಿಚ್ಚಿ ಒದರುತ್ತೇನೆ.

ಹೊಸ ಬ್ಯಾಟರಿ ಬಂದ ಮೇಲೆ ಎಲ್ಲವೂ ಸರಿಹೋಯಿತು ಎನ್ನಲಾರೆ. ಮಳೆಗಾಲದಲ್ಲಿ ಮುಂದಿನ ಶಾಕ್ ಅಬ್ಸಾರ್ಬರ್ ಹೋಯಿತು. ಅದನ್ನೂ ಹಾಕಿಸಿದೆ. ತಮ್ಮ ಎರಡು ತಿಂಗಳು ಮಾತು ಬಿಟ್ಟಿದ್ದ. ಆಮೇಲೆ ನೆಂಟರ ಮನೆಯ ಗೃಹಪ್ರವೇಶದಲ್ಲಿ ಪಕ್ಕದ ಎಲೆಗೆ ಕೂತು, ಎಲ್ಲರಿಗೂ ಕೇಳುವಂತೆ, "ಈ ಬ್ಯಾಟರೀನೂ ಒಂದಿನ ಸಾಯುತ್ತಲ್ಲ, ಆಗ ಏನ್ಮಾಡ್ತೀಯ?" ಎಂದ.

"ಇನ್ನೊಂದು ಹಾಕಿಸ್ತೀನಿ," ಎಂದೆ.

ನೆಂಟರು ನಕ್ಕರು. ಅಷ್ಟರಲ್ಲಿ ಕಡಹಿನಬೈಲಿನಿಂದ ಫೋನು ಬಂತು, ಎಮ್ಮೆಗೆ ಹೊಟ್ಟೆ ಉಬ್ಬರಿಸಿದೆ ಎಂದು. ಪಾಯಸ ಬಡಿಸುವ ಮೊದಲೇ ಎಲೆ ಮಡಚಿ ಎದ್ದೆ.